ಕಡಲಾಚೆಯ ಕಣ್ಣಿನ ಸೇವೆ

ಪಂಚೇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವೆಂದು ನಮ್ಮ ಹಿರಿಯರು ಬಗೆದಿದ್ದರು. ಆ ಕಣ್ಣು ಮಂಜಾದಾಗ ಎಷ್ಟೋ ವೇಳೆ ಎರಡು ಗಾಜಿನ ಬಿಲ್ಲೆಗಳಿಂದಲೇ ನೋಟ ಮರಳುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯಂತೆ, ತಡೆಯಬಹುದಾಗಿದ್ದ ಇಲ್ಲವೆ ಇನ್ನೂ ಪರಿಹಾರ ಕಾಣದ ದೃಷ್ಟಿದೋಷದಿಂದ ಬಳಲುವವರು ಜಗತ್ತಿನಲ್ಲಿ ಕನಿಷ್ಠ 100 ಕೋಟಿ. ವಯಸ್ಸು ನಲವತ್ತು ದಾಟಿದಂತೆ ಕಣ್ಣೊಳಗಿನ ಮಸೂರವು ಬಿಗಿಯಾಗಿ ಹತ್ತಿರದ ವಸ್ತು ಮಸುಕಾಗುತ್ತದೆ. ನಮ್ಮಲ್ಲಿ ಚಾಳೀಸು ಎನ್ನುವುದು ಇದನ್ನೇ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುವ ಅಜ್ಜಿಯನ್ನು ನೀವೆಲ್ಲರೂ ಕಂಡಿರಬೇಕು. ಕನ್ನಡಕ ದೊರೆಯುವ ಊರಿನಲ್ಲಿ ಇದೊಂದು ಕಷ್ಟವೇ ಅಲ್ಲ. ದೊರೆಯದ ಊರಿನಲ್ಲಿ ದರ್ಜಿಯ ಕಸುಬೇ ನಿಂತುಹೋಗಬಹುದು.

ಕಣ್ಣನ್ನು ಪರೀಕ್ಷಿಸಿ ತಕ್ಕ ಮಸೂರವನ್ನು ಗೊತ್ತುಪಡಿಸುವ ವಿದ್ಯೆಗೆ ಆಪ್ಟೊಮೆಟ್ರಿ, ಅಂದರೆ ದೃಷ್ಟಿಮಾಪನ ಶಾಸ್ತ್ರವೆಂದು ಹೆಸರು. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 1970ರ ದಶಕದ ಆರಂಭದಲ್ಲಿ ಫ್ರಾಂಕ್ಲಿನ್ ಹಾರ್ಮ್ಸ್ ಎಂಬ ತಜ್ಞರು 'ವೋಶ್' ಎಂಬ ಸ್ವಯಂಸೇವಾ ಸಂಘಕ್ಕೆ ಬುನಾದಿ ಹಾಕಿದರು. ಮುಂದೆ ಈ ವಿದ್ಯೆಯನ್ನು ಕಲಿಸುವ ಕಾಲೇಜುಗಳಲ್ಲಿಯೂ ಅದರ ವಿದ್ಯಾರ್ಥಿ ಶಾಖೆಗಳು ತಲೆಯೆತ್ತಿದವು. ವಿದ್ಯಾರ್ಥಿಗಳು ರಜೆಯಲ್ಲಿ ಅನುಭವಿಗಳ ಮೇಲ್ವಿಚಾರಣೆಗೆ ಒಳಪಟ್ಟು ನಿಕರಾಗುವಾ, ಗ್ವಾಟೆಮಾಲ, ಹೈಟಿ ಮೊದಲಾದ ದೇಶಗಳಿಗೆ ತೆರಳಿ ಕೆಲವು ದಿನಗಳ ಶಿಬಿರ ನಡೆಸುತ್ತ ಬಂದರು.

ಶಿಬಿರವು ಶಾಲೆಯಲ್ಲೋ ಇಗರ್ಜಿಯಲ್ಲೋ ಏರ್ಪಡುತ್ತದೆ. ಅಲ್ಲಿ ಮೊದಲ ತೊಡಕು ಭಾಷೆಯದು. ಅಕ್ಷರ ಬಾರದವರಿಗಾಗಿ ಇಂಗ್ಲಿಷಿನ 'ಇ' ಅಕ್ಷರವನ್ನೇ ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಪಟವೊಂದಿದೆ. ಅದರ ಕಾಲುಗಳು ಯಾವ ಕಡೆಗಿವೆಯೆಂದು ಬೆರಳು ತೋರಿಸಿದರೆ ಸಾಕು. ಇದಕ್ಕಿಂತ ಸೋಜಿಗದ ಉಪಕರಣ ರೆಟಿನೋಸ್ಕೋಪು. ಅದರ ಬೆಳಕಿನ ಗೆರೆಯನ್ನು ಕಣ್ಣಿನ ಮೇಲೆ ಹಾಯಿಸಿದಾಗ ಪಾಪೆಯೊಳಗೆ ಕೆಂಬಣ್ಣದ ಹೊಳಪು ಕಾಣುತ್ತದೆ. ಹೊಳಪು ಬೆಳಕಿನ ದಿಕ್ಕಿನಲ್ಲಿಯೇ ಸರಿದರೆ ಪೀನ ಮಸೂರವನ್ನೂ, ಎದುರು ದಿಕ್ಕಿಗೆ ಸರಿದರೆ ನಿಮ್ನ ಮಸೂರವನ್ನೂ ಒಡ್ಡುತ್ತ ಹೋಗಬೇಕು. ಚಲನೆ ಅಡಗಿ ಪಾಪೆಯೆಲ್ಲವೂ ಒಮ್ಮೆಗೆ ಬೆಳಗಿದಾಗ ಕಣ್ಣಿನ ಅಳತೆ ಸಿಕ್ಕಿತೆಂದೇ ಅರ್ಥ. ರೋಗಿಯು ಒಂದು ಮಾತನ್ನೂ ಆಡಬೇಕಾಗಿಲ್ಲ.

ಹೊಸ ಕನ್ನಡಕ ತೊಟ್ಟು ತನ್ನ ಅಂಗೈಯ ಗೆರೆಗಳನ್ನೇ ಬೆರಗಿನಿಂದ ನೋಡುವವರ ಮುಖ ಕಂಡರೆ ಪ್ರಯಾಣದ ದಣಿವು ಮರೆತೀತು. ಆದರೆ ಎಲ್ಲ ಕಣ್ಣುಗಳೂ ಕನ್ನಡಕಕ್ಕೆ ಒಲಿಯುವುದಿಲ್ಲ. ಪೊರೆ ಬಂದು ಪಾಪೆ ಬೆಳ್ಳಗಾದ ಮುದುಕನಿಗೆ ಬೇಕಾದದ್ದು ಶಸ್ತ್ರವೈದ್ಯ. ಗ್ಲಾಕೋಮ ರೋಗವಂತೂ ಇನ್ನೂ ಕಠಿಣ. ಅದಕ್ಕೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಔಷಧ ಬೇಕು. ಶಿಬಿರದವರು ಒಂದೆರಡು ಸೀಸೆ ಕೊಟ್ಟು ವಿಮಾನವೇರಿದ ಮೇಲೆ ಮೂರನೆಯ ಸೀಸೆಯನ್ನು ಯಾರು ಕೊಡಬೇಕು?

ಕನ್ನಡಕದ ದಾನದಲ್ಲಿಯೂ ಎಡವಟ್ಟುಗಳುಂಟು. ಅಮೆರಿಕದ ಮನೆಗಳಲ್ಲಿ ಬಳಸಿ ಬಿಟ್ಟ ಕನ್ನಡಕಗಳನ್ನು ತೊಳೆದು, ಅಳೆದು, ಚೀಟಿ ಅಂಟಿಸಿ ಒಯ್ಯುವುದು ಬಹುಕಾಲ ನಡೆದ ರೂಢಿ. ಒಬ್ಬರ ಎರಡು ಕಣ್ಣಿಗೆ ಮಾಡಿಸಿದ್ದು ಇನ್ನೊಬ್ಬರ ಎರಡೂ ಕಣ್ಣಿಗೆ ಒಗ್ಗುವುದು ಅಪರೂಪ. ದಾನವಾಗಿ ಬಂದ ಇಂತಹ ಕನ್ನಡಕಗಳಲ್ಲಿ ನೂರಕ್ಕೆ ಸುಮಾರು 7 ಮಾತ್ರ ಬಳಕೆಗೆ ಯೋಗ್ಯವೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾಗೆಂದು ಶಿಬಿರಗಳನ್ನು ಹಗುರವಾಗಿ ಕಾಣುವುದು ಸಲ್ಲದು. ತನ್ನ ದೇಶದಲ್ಲಿ ಅಪರೂಪಕ್ಕೆ ಕಾಣುವ ಬಲಿತ ಪೊರೆಯನ್ನು ಅಮೆರಿಕದ ವಿದ್ಯಾರ್ಥಿಯು ಇಲ್ಲಿ ಒಂದೇ ದಿನದಲ್ಲಿ ಹಲವು ಕಣ್ಣುಗಳಲ್ಲಿ ಕಾಣಬಹುದು. ಲಾಭ ಅವನಿಗೇ ಹೆಚ್ಚಾಗಿರಲೂಬಹುದು!

ಈ ಕೊರತೆಗಳನ್ನು ಮನಗಂಡವರು ಹೈಟಿಯಲ್ಲಿ ಬೇರೊಂದು ದಾರಿ ಹಿಡಿದರು. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ಆ ದೇಶದ ಮೊದಲ ದೃಷ್ಟಿಮಾಪನ ಶಾಲೆ ತೆರೆಯಿತು. ಅದರ ಸ್ಥಾಪನೆಗೆ ವೋಶ್ ಸಂಘವೂ ಕೈಜೋಡಿಸಿತ್ತು. ಮುಂದೆ ಸಶಸ್ತ್ರ ಗುಂಪುಗಳ ಹಾವಳಿ ಹೆಚ್ಚಿ, 2024ರ ಮಾರ್ಚ್‌ನಲ್ಲಿ ರಾಜಧಾನಿಯ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ಮೇ ತಿಂಗಳಲ್ಲಿ ತೆರೆದದ್ದು ನವೆಂಬರಿನಲ್ಲಿ ಪುನಃ ಮುಚ್ಚಿತು. ಅಂತಹ ದಿನಗಳಲ್ಲಿ ಹೊರನಾಡಿನ ವಿದ್ಯಾರ್ಥಿಗಳು ಕನ್ನಡಕದ ಪೆಟ್ಟಿಗೆ ಹೊತ್ತು ಅಲ್ಲಿಗೆ ಹೋಗುವ ಬಗೆಯೆಂತು? ಆ ಶಾಲೆಯನ್ನು ಸೇರಿದ ತರುಣರಾದರೋ ಅಲ್ಲಿಯವರೇ. ಕ್ರಿಯೋಲ್ ಅವರ ಮನೆಮಾತು. ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಅಜ್ಜಿಯನ್ನು ಕೇಳಲು ಅವರಿಗೆ ದುಭಾಷಿಯ ಹಂಗಿಲ್ಲ.