ನಕ್ಷತ್ರದ ದಿನವನ್ನು ಬಿಡಬೇಡ

ಪ್ರೀತಿಯ ಪುಟ್ಟಿ,

ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಠಾಣೆಯಲ್ಲಿ ಹಾಲ್ ಗೊತ್ತು ಮಾಡಿದ್ದೀರೆಂದು ನಿನ್ನ ಅಮ್ಮ ಹೇಳಿದಳು. ಸಂತೋಷ. ಆದರೆ ನಕ್ಷತ್ರದ ದಿನ, ಪಾಯಸ, ಆರತಿ ಎಲ್ಲ ಊರಿನ ಕ್ರಮ, ಮುಂಬಯಿಯಲ್ಲಿ ಯಾರಿಗೆ ಬೇಕು ಎಂದೆಯಂತೆ. ಆ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನ ಪ್ರಾಯದ ಬೇರೆ ಮಕ್ಕಳೂ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಾಗದಪತ್ರಗಳಲ್ಲಿ ಹುಟ್ಟಿದ ದಿನ ಜೂನ್ 1. ನನ್ನ ತಲೆಮಾರಿನ ಎಷ್ಟೋ ಜನರದ್ದೂ ಅದೇ. ಶಾಲೆಗೆ ಸೇರಿಸುವಾಗ ಮಾಸ್ಟ್ರು ಬರೆದುಕೊಂಡದ್ದು. ನನ್ನ ಅಮ್ಮನಿಗೆ ಗೊತ್ತಿದ್ದದ್ದು ಸೋಣ ತಿಂಗಳ ಸ್ವಾತಿ ನಕ್ಷತ್ರ ಮಾತ್ರ. ಚಂದ್ರ ಒಂದು ಸುತ್ತು ಮುಗಿಸಿ ಅದೇ ನಕ್ಷತ್ರಕ್ಕೆ ಬರಲು 27 ದಿನ ಚಿಲ್ಲರೆ ಸಾಕು, ಸೋಣಕ್ಕೆ 31 ದಿನ. ಹಾಗಾಗಿ ಕೆಲವು ವರ್ಷ ನಕ್ಷತ್ರ ತಿಂಗಳಲ್ಲಿ ಎರಡು ಸಲ ಬರುತ್ತದೆ. ಯಾವುದನ್ನು ಹಿಡಿಯಬೇಕೆಂದು ಅಮ್ಮ ಯಾವ ಭಟ್ಟರನ್ನೂ ಕೇಳಲಿಲ್ಲ. ಎರಡು ಸಲವೂ ಪಾಯಸ. ನಮ್ಮ ಮನೆಯ ಆ ವಿಚಿತ್ರ ಕ್ರಮ ಶುರುವಾದದ್ದು ಹಾಗೆ.

ಮುಂಬಯಿಗೆ ಬಂದ ಮೇಲೆ ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆ, ಮಲಗುವುದು ಹೋಟೆಲಿನ ಮೇಜಿನ ಮೇಲೆ. ಆದರೂ ಸೋಣ ಬಂತೆಂದರೆ ಅಡುಗೆ ಭಟ್ಟರು ಗಲ್ಲೆಯ ಹಿಂದಿನ ಪಂಚಾಂಗ ನೋಡಿ, ಬಾಣಲೆಯಿಂದ ಮೊದಲ ಸೌಟು ಶೀರಾ ನನಗೆ ಬಡಿಸುತ್ತಿದ್ದರು. ಮನೆ ಬಿಟ್ಟು ಬಂದ ಹುಡುಗನಿಗೆ ಅದು ಎಷ್ಟು ದೊಡ್ಡದೆಂದು ನಿನಗೆ ಹೇಗೆ ತಿಳಿಸಲಿ?

ಆಮೇಲೆ ಮದುವೆ, ದಾದರಿನ ಚಾಳಿನಲ್ಲಿ ಒಂದು ಖೋಲಿ. ನಿನ್ನ ಅಮ್ಮನಿಗೆ ವರ್ಷ ತುಂಬಿದ ದಿನ ಅಜ್ಜಿ ಸೀಮೆಎಣ್ಣೆ ಸ್ಟವ್ ಮೇಲೆ ಹೆಸರುಬೇಳೆ ಪಾಯಸಕ್ಕೆ ಕಾಯಿಹಾಲು ಹಾಕುತ್ತಿದ್ದಳು. ಪಕ್ಕದ ಮರಾಠಿ ಮಾವ್ಶಿ ತಟ್ಟೆಯಲ್ಲಿ ನಿರಾಂಜನ, ಕುಂಕುಮ, ಅಕ್ಷತೆ ಹಿಡಿದು ಬಂದರು. ಬೆರಳಿನ ಉಂಗುರ ತೆಗೆದು ಒಂದು ಅಡಿಕೆಯ ಜೊತೆ ಮಗುವಿನ ಮುಖದ ಸುತ್ತ ಇಳಿಸಿ, ನಂತರ ದೀಪ ಬೆಳಗಿದರು. ಔಕ್ಷಣ ಎನ್ನುತ್ತಾರೆ ಅದನ್ನು. ಉಂಗುರ, ಅಡಿಕೆ ಇಳಿಸುವುದು ಊರಿನ ನಮ್ಮ ಮನೆಯಲ್ಲಿ ಇರಲಿಲ್ಲ. ಅಂದಿನಿಂದ ಅದು ನಮ್ಮದಾಯಿತು. ನಿನಗೂ ಹಾಗೆಯೇ ಮಾಡಿದ್ದೇವೆ. ಚಾಳಿನ ಎಲ್ಲ ಬಾಗಿಲಿಗೂ ಪಾಯಸ ಹೋಗಬೇಕು, ಮನೆಯವರು ಆಮೇಲೆ ತಿನ್ನಬೇಕು ಎಂಬುದೂ ಅಲ್ಲೇ ಹುಟ್ಟಿದ್ದು.

ಊರಿನದೆಂದು ನೀನು ತಳ್ಳಿಹಾಕಿದ್ದರಲ್ಲಿ ಅರ್ಧ ಈ ಮುಂಬಯಿಯದೇ! ದಾದರ್ ಪಾರ್ಸಿ ಕಾಲೊನಿಯನ್ನು ನೋಡು. ಹುಟ್ಟುಹಬ್ಬದ ಬೆಳಗ್ಗೆ ತೂತಿನ ಡಬ್ಬಿಯಿಂದ ಹೊಸ್ತಿಲಲ್ಲಿ ಮೀನಿನ ರಂಗೋಲಿ ಒತ್ತಿ, ಸೇವ್ ಮತ್ತು ಸಿಹಿ ಮೊಸರು ತಿನ್ನುವ ಮನೆಗಳು ಅಲ್ಲಿವೆ. ಅವರಿಗಿಲ್ಲದ ನಾಚಿಕೆ ನಿನಗೇಕೆ? ಬಲೂನಿನ ಕಮಾನಿಗೆ ಅಷ್ಟು ಹಣ ಸುರಿಯುವವಳಿಗೆ ಒಂದು ತೆಂಗಿನಕಾಯಿ ಭಾರವಾಯಿತೇ?

ಗದರಿದೆನೆಂದು ಬೇಸರ ಮಾಡಬೇಡ, ಮಗಾ. ಲೋಕಲ್ ರೈಲು, ಆಫೀಸು, ಕೈಕೂಸು, ನಿನ್ನ ದಣಿವು ನನಗೆ ಕಾಣುತ್ತದೆ. ಹಾಲ್ ಬೇಡವೆನ್ನುವುದಿಲ್ಲ, ಶನಿವಾರ ನಾನೂ ಬರುತ್ತೇನೆ. ಪಂಚಾಂಗ ನೋಡಿದ್ದೇನೆ, ಮಗುವಿನ ನಕ್ಷತ್ರ ಈ ಸಲ ಎರಡು ದಿನ ಬಿದ್ದಿದೆ. ಒಂದು ದಿನವಾದರೂ ಬೆಳಗ್ಗೆ ಕೂಸಿಗೆ ಎಣ್ಣೆ ಹಚ್ಚಿ ಮೀಯಿಸು. ಪಾಯಸ ನಿನ್ನ ಅಮ್ಮ ಮಾಡುತ್ತಾಳೆ. ನಿಮ್ಮ ಮಹಡಿಯ ಎಲ್ಲ ಫ್ಲ್ಯಾಟುಗಳ ಬೆಲ್ ಒತ್ತಿ ನೀನೇ ಕೊಟ್ಟು ಬಾ.

ನಿನ್ನ
ಅಜ್ಜ