ಮುಚ್ಚಲಾಗದ ಮಿಟ್

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಮನೆಗಳಿಗೆ ಬೇಸ್‌ಬಾಲ್ ಬರುವುದು ಮಕ್ಕಳ ಕೈ ಹಿಡಿದುಕೊಂಡೇ. ನಾವು ಆಡಿ ಬೆಳೆದದ್ದು ಕ್ರಿಕೆಟ್. ಹಾಗಾಗಿ ಮಗ ಅಥವಾ ಮಗಳು ಕ್ಯಾಚರ್ ಆಗುತ್ತೇನೆಂದು ಹಟ ಹಿಡಿದಾಗ ನಮ್ಮ ಕಣ್ಣ ಮುಂದೆ ನಿಲ್ಲುವವನು ವಿಕೆಟ್ ಕೀಪರ್. ಅಂಗಡಿಗೆ ಹೋದಾಗ ನೆನಪಾಗುವುದು ನಮ್ಮ ಅಪ್ಪ ಅಮ್ಮ ಯೂನಿಫಾರ್ಮ್ ಹೊಲಿಸುತ್ತಿದ್ದ ಲೆಕ್ಕ. ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ಇರಲಿ. ಕ್ಯಾಚರ್ ತೊಡುವ ದಪ್ಪ ಗ್ಲೌಸ್, ಅಂದರೆ ಮಿಟ್, ಕೊಳ್ಳುವಾಗ ಈ ಎರಡು ನೆನಪುಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಬುದ್ಧಿ ಹೇಳಿದವರ ಮಾತು ಕೇಳದೆ, ನನ್ನ ಹಟಕ್ಕೇ ಕಟ್ಟುಬಿದ್ದು ದಾರಿ ತಪ್ಪಿದವನು ನಾನು. ಅದರ ಬೆಲೆಯನ್ನು ಮಗುವಿನ ಕೈ ತೆತ್ತಿತು. ಆ ಕಥೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದರಿಂದ ನಾನು ಮುಟ್ಟಿದ ತೀರ್ಮಾನವನ್ನೂ ಅದಕ್ಕಿರುವ ಆಧಾರಗಳನ್ನೂ ಮುಂದಿಡುತ್ತೇನೆ. ತೀರ್ಮಾನ ಇಷ್ಟೇ: ಮಗು ತನ್ನ ಕೈಬಲದಿಂದ ಇವತ್ತು ಮುಚ್ಚಬಲ್ಲ ಮಿಟ್ಟೇ ಮಗುವಿನ ಮಿಟ್. ಅಳತೆ, ಬ್ರ್ಯಾಂಡು, ಬೆಲೆ, ಚರ್ಮದ ಜಾತಿ ಎಲ್ಲವೂ ಆಮೇಲಿನ ಮಾತು.

ಮೊದಲು ವಸ್ತುವನ್ನು ಸರಿಯಾಗಿ ನೋಡಬೇಕು. ಉಳಿದ ಹೆಚ್ಚಿನ ಫೀಲ್ಡರ್‌ಗಳ ಗ್ಲೌಸ್‌ನಲ್ಲಿ ಐದು ಬೆರಳಿಗೂ ಬೇರೆ ಬೇರೆ ಮನೆಗಳಿರುತ್ತವೆ. ಕ್ಯಾಚರ್ ಮಿಟ್‌ನಲ್ಲಿ ಹೆಬ್ಬೆರಳಿನ ಕಡೆ ಒಂದು ದಪ್ಪ ದಿಂಬು, ಉಳಿದ ನಾಲ್ಕು ಬೆರಳಿಗೆ ಸೇರಿಸಿ ಇನ್ನೊಂದು ದಿಂಬು, ನಡುವೆ ಚೆಂಡು ಕೂರುವ ಗುಂಡಿ, ಅದರ ಮೇಲೆ ಎರಡೂ ಕಡೆಯನ್ನು ಬೆಸೆಯುವ ಚರ್ಮದ ಜಾಲ. ದಿಂಬುಗಳು ಮಡಚಿಕೊಳ್ಳುವಲ್ಲಿ ಬಾಗಿಲಿನ ಕೀಲಿನಂಥ ಒಂದು ಮಡಿಕೆ ಇರುತ್ತದೆ. ಅಳತೆಯ ಪದ್ಧತಿಯೂ ಬೇರೆ. ಫೀಲ್ಡರ್ ಗ್ಲೌಸ್ ಅಳೆಯುವುದು ತೋರುಬೆರಳಿನ ತುದಿಯಿಂದ ಬುಡದವರೆಗಿನ ಉದ್ದದಲ್ಲಿ, ಮಿಟ್ ಅಳೆಯುವುದು ಸುತ್ತಳತೆಯಲ್ಲಿ. ಅದಕ್ಕೇ ಒಂದರ ಮೇಲೆ 11 ಅಂಗುಲ ಎಂದೂ ಪಕ್ಕದ್ದರ ಮೇಲೆ 32 ಅಂಗುಲ ಎಂದೂ ಬರೆದಿರುತ್ತದೆ. ಮಕ್ಕಳ ಮಿಟ್‌ಗಳು ಸಾಮಾನ್ಯವಾಗಿ 29.5ರಿಂದ 32.5 ಅಂಗುಲ, ದೊಡ್ಡವರದ್ದು 32.5ರಿಂದ 34.5 ಅಂಗುಲ. ಎರಡು ಅಂಗುಲ ಹೆಚ್ಚಾದರೆ ಏನು ಮಹಾ ಎನ್ನಿಸುವುದು ಸಹಜ. ಆದರೆ ಸುತ್ತಳತೆ ಬೆಳೆದಾಗ ದಿಂಬಿನ ದಪ್ಪ, ಚರ್ಮದ ಬಿಗಿ, ತೂಕ ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ. ಅಂಗಡಿಯ ಚೀಟಿಯ ಮೇಲೆ ಅಂಗುಲ ಇರುತ್ತದೆ, ಅದನ್ನು ಮಡಚಲು ಎಷ್ಟು ಬಲ ಬೇಕೆಂಬುದು ಇರುವುದಿಲ್ಲ.

ವಿಕೆಟ್ ಕೀಪರ್‌ನ ಹೋಲಿಕೆ ಮುರಿದು ಬೀಳುವುದು ಇಲ್ಲಿಯೇ. ಕೀಪರ್‌ಗೆ ಎರಡು ಕೈಗೂ ಗ್ಲೌಸ್ ಇದೆ. ಸೈಯದ್ ಕಿರ್ಮಾನಿ ಅವರ ಕೀಪಿಂಗ್ ನೋಡಿದವರಿಗೆ ಗೊತ್ತು, ಚೆಂಡಿನ ಜೊತೆ ಎರಡೂ ಕೈ ಹಿಂದಕ್ಕೆ ಸರಿದು ಅದರ ಬಿರುಸನ್ನು ನುಂಗಬೇಕು. ಕ್ಯಾಚರ್‌ನ ಕೆಲಸ ಒಂದೇ ಕೈಯದು. ಎಸೆಯುವ ಕೈ ಬರಿಗೈ. ಬ್ಯಾಟನ್ನು ಸವರಿ ದಿಕ್ಕು ತಪ್ಪುವ ಚೆಂಡು ಬೆರಳು ಮುರಿಯದಿರಲಿ ಎಂದು, ಬೇಸ್‌ಗಳಲ್ಲಿ ಓಟಗಾರರಿಲ್ಲದಾಗ ಆ ಕೈಯನ್ನು ಕಾಲಿನ ಹಿಂದೆಯೋ ಬೆನ್ನ ಹಿಂದೆಯೋ ಅಡಗಿಸಿಡುತ್ತಾರೆ. ಮೊದಲು ಹೀಗಿರಲಿಲ್ಲ. ಹಳೆಯ ಮಿಟ್ ದುಂಡನೆಯ ದಿಂಬಿನ ಹಾಗಿತ್ತು, ತಾನಾಗಿ ಮುಚ್ಚುತ್ತಿರಲಿಲ್ಲ. ಚೆಂಡು ಜಾರದಂತೆ ಬರಿಗೈಯನ್ನು ಮೇಲೆ ಅದುಮಬೇಕಿತ್ತು. ಆ ಕಾಲದ ಕ್ಯಾಚರ್‌ಗಳ ಬೆರಳುಗಳು ಮುರಿದು ಸೊಟ್ಟಗಾಗುತ್ತಿದ್ದದ್ದು ಅದಕ್ಕೆ. 1960ರ ದಶಕದಲ್ಲಿ ಶಿಕಾಗೊ ಕಬ್ಸ್ ತಂಡದ ರ‍್ಯಾಂಡಿ ಹಂಡ್ಲಿ, ಅವರ ಹಿಂದೆಯೇ ಸಿನ್ಸಿನಾಟಿ ರೆಡ್ಸ್ ತಂಡದ ಜಾನಿ ಬೆಂಚ್ ಮಡಿಕೆಯಿರುವ ಮಿಟ್ ತೊಟ್ಟು ಒಂದೇ ಕೈಯಲ್ಲಿ ಹಿಡಿಯುವುದನ್ನು ರೂಢಿಗೆ ತಂದರು. ಬೆಂಚ್ ಅವರ ಎಸೆಯುವ ಕೈಯ ಹೆಬ್ಬೆರಳು 1966ರಲ್ಲಿ ಬ್ಯಾಟನ್ನು ಸವರಿ ಬಂದ ಇಂಥದೇ ಚೆಂಡಿಗೆ ಮುರಿದಿತ್ತು. ಇವತ್ತಿನ ಮಿಟ್‌ನ ವಿನ್ಯಾಸವೆಲ್ಲ ನಿಂತಿರುವುದು ಒಂದು ಕೈ ತಾನೇ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ. ಮಗುವಿಗೆ ಮುಚ್ಚಲಾಗದ ಮಿಟ್ ಕೊಟ್ಟರೆ ನಾವು ಅದನ್ನು ಬೆಂಚ್‌ಗಿಂತ ಹಿಂದಿನ ಕಾಲಕ್ಕೆ ಕಳುಹಿಸಿದ ಹಾಗೆ.

ಆ ಮಿಟ್ ತೊಟ್ಟ ಮಗುವಿಗೆ ಆಗುವುದೇನೆಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಬೇಲಿಯ ಆಚೆ ಕುರ್ಚಿ ಹಾಕಿಕೊಂಡು ಕೂತ ತಂದೆ ತಾಯಿಗೆ ಅದು ಕಾಣುವುದೇ ಇಲ್ಲ. 1939ರಲ್ಲಿ ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟಿದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನಲ್ಲಿ, ಹನ್ನೆರಡು ವರ್ಷದವರೆಗಿನ ಮಕ್ಕಳ ಮೈದಾನದಲ್ಲಿ, ಚೆಂಡೆಸೆಯುವ ಪಿಚರ್‌ನಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೆ 46 ಅಡಿ. ಗಂಟೆಗೆ 50 ಮೈಲಿ, ಅಂದರೆ 80 ಕಿಲೋಮೀಟರ್ ವೇಗದ ಚೆಂಡು ಆ ದೂರವನ್ನು ಸುಮಾರು 0.6 ಸೆಕೆಂಡಿನಲ್ಲಿ ದಾಟುತ್ತದೆ. ಚೆಂಡಿನ ತೂಕ 142ರಿಂದ 149 ಗ್ರಾಂ. ನಡುವೆ ಬ್ಯಾಟ್ ಬೀಸುತ್ತಿರುತ್ತದೆ. ಈ ಅರೆಗಳಿಗೆಯಲ್ಲಿ ಮಗು ಮಿಟ್ ಎತ್ತಬೇಕು, ತೆರೆಯಬೇಕು, ಚೆಂಡು ಗುಂಡಿಗೆ ಬಿದ್ದ ಕ್ಷಣವೇ ಮುಚ್ಚಬೇಕು. ಚರ್ಮ ಬಗ್ಗದಿದ್ದರೆ ಮಿಟ್ ಹಲಗೆಯಂತೆ ನಿಲ್ಲುತ್ತದೆ. ಚೆಂಡು ಗುಂಡಿಗೆ ಬೀಳುವ ಬದಲು ಅಂಗೈ ಬುಡಕ್ಕೋ ತೋರುಬೆರಳಿನ ಬುಡಕ್ಕೋ ಬಡಿದು ಹೊರಗೆ ಪುಟಿಯುತ್ತದೆ. ಚುರುಕ್ಕೆನ್ನುವ ನೋವು ಮೊಣಕೈವರೆಗೆ ಏರುತ್ತದೆ. ಬೇಸ್ ಮೇಲಿದ್ದ ಓಟಗಾರ ಮುಂದಿನ ಬೇಸಿಗೆ ಓಡುತ್ತಾನೆ, ಯಾರೋ ಕೂಗುತ್ತಾರೆ. ಮುಂದಿನ ಚೆಂಡಿಗೆ ಮಗು ತಾನಾಗಿಯೇ ಒಂದು ಉಪಾಯ ಕಂಡುಕೊಳ್ಳುತ್ತದೆ, ಅಡಗಿಸಿಟ್ಟ ಬರಿಗೈಯನ್ನು ಮುಂದೆ ತಂದು ಚೆಂಡನ್ನು ಅದುಮಲು ನೋಡುತ್ತದೆ. ಅದರ ಮುಂದಿನ ಚೆಂಡಿಗೆ ಮುಖ ತಿರುಗುತ್ತದೆ, ಕಣ್ಣು ಮುಚ್ಚುತ್ತದೆ. ಮಾಸ್ಕ್ ಒಳಗೆ ಮುಚ್ಚಿದ ಕಣ್ಣು ಹೊರಗಿನವರಿಗೆ ಕಾಣುವುದಿಲ್ಲ. ಇದು ಒಂದೆರಡು ಬಾರಿಯ ಮಾತಲ್ಲ. 11–12 ವರ್ಷದ ಪಿಚರ್‌ಗೆ ಲಿಟಲ್ ಲೀಗ್ ದಿನಕ್ಕೆ 85 ಎಸೆತದ ಮಿತಿ ಹಾಕಿದೆ, 9–10 ವರ್ಷದವರಿಗೆ 75. ಪಿಚರ್ ಬದಲಾಗುತ್ತಾನೆ, ಆದರೆ ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್ ಹಲವೊಮ್ಮೆ ಅದೇ ಮಗು. ಎಸೆಯುವ ತೋಳಿಗೆ ಲೆಕ್ಕ ಇಡುತ್ತಾರೆ, ಹಿಡಿಯುವ ಅಂಗೈಗೆ ಅಂಥ ಲೆಕ್ಕ ಇಲ್ಲ. ಆಟ ಮುಗಿದಾಗ ಮಗು ಹೇಳುವುದು ಮಿಟ್ ಸರಿಯಿಲ್ಲ ಎಂದಲ್ಲ, ನನಗೆ ಬರುವುದಿಲ್ಲ ಎಂದು. ನನಗೆ ಇವತ್ತಿಗೂ ಸಂಕಟವಾಗುವುದು ಈ ಮಾತಿಗೆ. ವಸ್ತುವಿನ ತಪ್ಪನ್ನು ಮಗು ತನ್ನ ತಪ್ಪೆಂದು ಹೊತ್ತುಕೊಳ್ಳುತ್ತದೆ, ದೊಡ್ಡವರಾದ ನಾವು ಅದನ್ನು ನಂಬುತ್ತೇವೆ.

ಇದಕ್ಕೆ ಬರುವ ಮೊದಲ ಆಕ್ಷೇಪ ದುಡ್ಡಿನದು. ಇವತ್ತು ಸರಿಹೊಂದಿದ್ದು ಎರಡು ವರ್ಷಕ್ಕೆ ಚಿಕ್ಕದಾಗುತ್ತದೆ, ಪ್ರತಿಸಲ ಹೊಸದು ಕೊಳ್ಳುವುದು ದುಂದು ಎಂದು. ದುಂದಿನ ಭಯ ನಮ್ಮ ಮನೆಗಳಲ್ಲಿ ಗೌರವದ ಸಂಗತಿ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲಂಗದ ಅಂಚಿನಲ್ಲಿ ಮಡಿಕೆ ಬಿಟ್ಟು ಹೊಲಿಸಿ ವರ್ಷಕ್ಕೊಮ್ಮೆ ಬಿಚ್ಚಿದವರು, ಶೂ ತುದಿಗೆ ಹತ್ತಿ ತುರುಕಿದವರು ನಾವೆಲ್ಲ. ಆದರೆ ಬಟ್ಟೆ ಮೈಯನ್ನು ಕಾಯುತ್ತದೆ, ದೊಗಲೆಯಾದರೂ ತನ್ನ ಕೆಲಸ ಮಾಡುತ್ತದೆ. ಮಿಟ್ ಕೈಯ ಮುಂದುವರಿಕೆ. ಅದು ದೊಗಲೆಯಾದರೆ ಒಳಗೆ ಕೈ ತಿರುಗುತ್ತದೆ, ಗುಂಡಿ ಎಲ್ಲಿದೆಯೆಂಬ ಅಂದಾಜೇ ತಪ್ಪುತ್ತದೆ. ಇನ್ನೊಂದು ಕಾರಣ ಮುಖ್ಯವಾದದ್ದು. ಕಲಿಕೆಯ ಮೊದಲೆರಡು ವರ್ಷದಲ್ಲಿ ಕೂತ ಅಭ್ಯಾಸ, ಅಂದರೆ ಕಣ್ಣು ಮುಚ್ಚುವುದು, ಮುಖ ತಿರುಗಿಸುವುದು, ಬರಿಗೈ ಚಾಚುವುದು, ಸರಿಯಾದ ಮಿಟ್ ಬಂದ ಮೇಲೂ ಬೇಗ ಹೋಗುವುದಿಲ್ಲ. ಎರಡು ವರ್ಷ ಉಳಿಸಿದ ದುಡ್ಡು ಮೂರನೇ ವರ್ಷ ಮರಳಿ ಕೊಳ್ಳಲಾಗದ ಧೈರ್ಯವನ್ನು ತಿಂದುಹಾಕಿರುತ್ತದೆ. ಉಳಿಸಲು ಬೇರೆ ದಾರಿ ಇದೆ. ಬೇಗ ಬೆಳೆದ ಮಕ್ಕಳ ಮನೆಗಳಲ್ಲಿ ಚಿಕ್ಕ ಮಿಟ್‌ಗಳು ಮೂಲೆ ಸೇರಿರುತ್ತವೆ. ದಾರ ಗಟ್ಟಿಯಿದ್ದು, ಗುಂಡಿ ಕೆಟ್ಟಿಲ್ಲದ ಬಳಸಿದ ಮಿಟ್ ಹೊಸದಕ್ಕಿಂತ ಮಗುವಿಗೆ ಒಳ್ಳೆಯದು, ಅದು ಆಗಲೇ ಬಗ್ಗಿರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಮಿಟ್ ದೊಡ್ಡದಾದಷ್ಟೂ ಚೆಂಡು ಸಿಕ್ಕುವ ಜಾಗ ದೊಡ್ಡದಲ್ಲವೇ? ಇತಿಹಾಸ ಈ ಮಾತಿಗೆ ಸಾಕ್ಷಿಯನ್ನೂ ಕೊಡುತ್ತದೆ. ಬಾಲ್ಟಿಮೋರ್ ಓರಿಯೋಲ್ಸ್ ತಂಡದಲ್ಲಿದ್ದ ಹಾಯ್ಟ್ ವಿಲ್‌ಹೆಲ್ಮ್ ನಕಲ್‌ಬಾಲ್ ಎಸೆಯುತ್ತಿದ್ದರು. ತಿರುಗದೆ ಬರುವ ಆ ಚೆಂಡು ಗಾಳಿಯಲ್ಲಿ ಯಾವ ಕಡೆ ಓಲಾಡೀತೆಂದು ಎಸೆದವರಿಗೇ ಗೊತ್ತಾಗುವುದಿಲ್ಲ. ಕ್ಯಾಚರ್‌ಗಳ ಕೈಗೆ ಅದು ಸಿಗದೆ ಹೋದಾಗ ಮ್ಯಾನೇಜರ್ ಪಾಲ್ ರಿಚರ್ಡ್ಸ್ 1960ರಲ್ಲಿ ಮೊರದಂಥ ದೈತ್ಯ ಮಿಟ್ ಮಾಡಿಸಿದರು. ಚೆಂಡು ತಪ್ಪುವುದು ಕಡಿಮೆಯಾಯಿತು, ನಿಜ. ಆದರೆ ಅದು ಒಬ್ಬ ಪಿಚರ್‌ನ ಒಂದು ವಿಚಿತ್ರ ಎಸೆತಕ್ಕೆ, ಬಲಿತ ಗಂಡಸರ ಕೈಗೆ ಮಾಡಿದ ಉಪಾಯ. ಆ ವಿಶಾಲ ಚರ್ಮದೊಳಗೆ ಚೆಂಡನ್ನು ಹುಡುಕಿ ತೆಗೆದು ಎರಡನೇ ಬೇಸಿಗೆ ಎಸೆಯುವುದು ಕಷ್ಟವಾಗಿತ್ತು. ಕೆಲವೇ ವರ್ಷಗಳಲ್ಲಿ ನಿಯಮವೇ ಬದಲಾಗಿ ಸುತ್ತಳತೆ 38 ಅಂಗುಲ ಮೀರಬಾರದೆಂದಾಯಿತು. ಮಕ್ಕಳ ಆಟದಲ್ಲಿ ಕ್ಯಾಚರ್‌ನ ಅರ್ಧ ಕೆಲಸ ಹಿಡಿಯುವುದು, ಇನ್ನರ್ಧ ಹಿಡಿದದ್ದನ್ನು ತಕ್ಷಣ ಕೈಗೆ ತೆಗೆದು ಎಸೆಯುವುದು. ದೊಡ್ಡ ಗುಂಡಿ ಮೊದಲರ್ಧಕ್ಕೆ ನೆರವಾದೀತು, ಆದರೆ ಮುಚ್ಚಲಾಗದ ಕೈಗೆ ಅದೂ ಇಲ್ಲ. ತೆರೆದೇ ಇರುವ ದೊಡ್ಡ ಬಾಗಿಲಿನಿಂದ ಚೆಂಡು ಒಳಗೆ ಬಂದಷ್ಟೇ ಸಲೀಸಾಗಿ ಹೊರಗೂ ಹೋಗುತ್ತದೆ.

ಮೂರನೆಯದು ರಕ್ಷಣೆಯ ಮಾತು. ದಪ್ಪ ದಿಂಬು, ದುಬಾರಿ ಚರ್ಮ, ದೊಡ್ಡವರು ತೊಡುವ ದರ್ಜೆಯದೇ ಇದ್ದರೆ ಕೈ ಹೆಚ್ಚು ಸುರಕ್ಷಿತವಲ್ಲವೇ? ಕೈಗೆ ಪೆಟ್ಟಾಗುವ ಭಯ ಸುಳ್ಳಲ್ಲ. ಅಮೆರಿಕದ ಮೈನರ್ ಲೀಗ್ ಆಟಗಾರರ ಕೈಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು, ಕ್ಯಾಚರ್‌ಗಳ ಮಿಟ್ ಕೈಯ ತೋರುಬೆರಳು ದಪ್ಪಗಾಗಿರುವುದನ್ನೂ ಆ ಕೈಯ ರಕ್ತಸಂಚಾರದಲ್ಲಿ ಬದಲಾವಣೆ ಇರುವುದನ್ನೂ ಗುರುತಿಸಿತು. ಅವರು ವರ್ಷಗಟ್ಟಲೆ ವೇಗದ ಚೆಂಡು ಹಿಡಿದ ವಯಸ್ಕರು, ಮಕ್ಕಳಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಒಂದು ಪಾಠ ಇದೆ. ಒಳ್ಳೆಯ ದಿಂಬಿನ ಮಿಟ್ ತೊಟ್ಟ ವೃತ್ತಿಪರರ ಕೈಯೂ ನೋಯುತ್ತದೆಂದರೆ ಕೈ ಉಳಿಯುವುದು ದಿಂಬಿನಿಂದ ಮಾತ್ರ ಅಲ್ಲ, ಚೆಂಡು ಎಲ್ಲಿ ಬೀಳುತ್ತದೆ ಎಂಬುದರಿಂದ. ಗುಂಡಿಗೆ ಬಿದ್ದ ಚೆಂಡಿನ ಹಿಂದೆ ಎಲುಬಿಲ್ಲ, ಅಂಗೈಗೆ ಬಿದ್ದದ್ದರ ಹಿಂದೆ ಎಲುಬಿದೆ. ಮಡಚಬಲ್ಲ ಮಿಟ್ ಚೆಂಡನ್ನು ಗುಂಡಿಗೆ ಕರೆದೊಯ್ಯುತ್ತದೆ. ಇನ್ನು ದುಬಾರಿ ಚರ್ಮ. ಅದನ್ನು ಪಳಗಿಸುವುದು ಮುಖ್ಯವಾಗಿ ಚೆಂಡೇ. ಗಂಟೆಗೆ 90 ಮೈಲಿ ವೇಗದ ಚೆಂಡು ಪಳಗಿಸುವ ಗಟ್ಟಿ ಚರ್ಮವನ್ನು ಮಕ್ಕಳ ಮೆಲ್ಲನೆಯ ಚೆಂಡು ಇಡೀ ಸೀಸನ್ ಬಡಿದರೂ ಪಳಗಿಸದು. ಆಗ ಅವಸರಕ್ಕೆ ಬಿದ್ದು ಓವನ್‌ನಲ್ಲಿಡುವವರು, ಎಣ್ಣೆ ಸುರಿದು ನೆನೆಸುವವರು ಇದ್ದಾರೆ. ಬಿಸಿ ಚರ್ಮದ ಜಿಡ್ಡನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ಎಣ್ಣೆ ಹೆಚ್ಚಾದರೆ ಮಿಟ್ ಭಾರವಾಗಿ ಜೋತುಬೀಳುತ್ತದೆ.

ಕೊನೆಗೆ, ಇಷ್ಟೆಲ್ಲ ಏಕೆ, ಇರುವ ಫೀಲ್ಡರ್ ಗ್ಲೌಸ್‌ನಲ್ಲೇ ಕಲಿಯಲಿ ಎನ್ನುವವರಿದ್ದಾರೆ. ಅದಕ್ಕೆ ದಾರಿಯಿಲ್ಲ. ಲಿಟಲ್ ಲೀಗ್ ಬೇಸ್‌ಬಾಲ್ ನಿಯಮದ ಪ್ರಕಾರ ಕ್ಯಾಚರ್ ಆಗಿ ಕೂತವರು ಕ್ಯಾಚರ್ ಮಿಟ್ಟನ್ನೇ ತೊಡಬೇಕು. ನಿಯಮ ಆಕಾರ, ಅಳತೆ, ತೂಕವನ್ನು ಬಿಗಿಮಾಡದೆ ಕೈಯ ರಕ್ಷಣೆಗೆ ತಕ್ಕಂತಿರಲಿ ಎನ್ನುತ್ತದೆ. ಆ ಸಡಿಲಿಕೆ ಇರುವುದು ಚಿಕ್ಕ ಕೈಗೆ ಚಿಕ್ಕ ಮಿಟ್ ಸಿಗಲೆಂದೇ ಎಂದು ನಾನು ಓದಿಕೊಳ್ಳುತ್ತೇನೆ. ತಂಡದ ಚೀಲದಲ್ಲಿ ಎಲ್ಲರಿಗೂ ಸೇರಿ ಒಂದು ಮಿಟ್ ಇದ್ದರೆ ಅದು ತಂಡದ ಅತಿ ದೊಡ್ಡ ಕೈಗೆ ಕೊಂಡದ್ದಾಗಿರಬಹುದು. ಉಚಿತ ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ಎಡಗೈಯಲ್ಲಿ ಎಸೆಯುವ ಮಕ್ಕಳಿಗೆ ಕ್ಯಾಚರ್ ಸ್ಥಾನವೇ ಬೇಡ ಎನ್ನುವ ಹಿರಿಯರೂ ಸಿಗುತ್ತಾರೆ. ಮೇಜರ್ ಲೀಗ್‌ನಲ್ಲಿ ಎಡಗೈ ಕ್ಯಾಚರ್ ಅಪರೂಪ ನಿಜ. ಆದರೆ 19ನೇ ಶತಮಾನದಲ್ಲಿ ಜ್ಯಾಕ್ ಕ್ಲೆಮೆಂಟ್ಸ್ ಸಾವಿರಕ್ಕೂ ಹೆಚ್ಚು ಪಂದ್ಯಗಳಲ್ಲಿ ಹಾಗೆ ಆಡಿದರು, 1989ರಲ್ಲಿ ಬೆನ್ನಿ ಡಿಸ್ಟೆಫಾನೊ ಮೂರು ಪಂದ್ಯಗಳಲ್ಲಿ ಕೂತರು. ಹತ್ತು ವರ್ಷದ ಮಗುವಿನ ಆಸೆಗೆ ಮೇಜರ್ ಲೀಗಿನ ರೂಢಿ ಅಡ್ಡ ಬರಬೇಕಿಲ್ಲ.

ಇನ್ನು ಸಲಹೆಗಳು, ಅವು ನಾಲ್ಕೇ. ಮಗು ಬಲಗೈಯಲ್ಲಿ ಎಸೆದರೆ ಮಿಟ್ ಎಡಗೈಗೆ. ಬಲಗೈ ಮಗು ಎಂದುಕೊಂಡು ಬಲಗೈಗೆ ತೊಡುವ ಮಿಟ್ ತರುವುದು ನಮ್ಮವರಲ್ಲಿ ಸುಲಭವಾಗಿ ಆಗುವ ತಪ್ಪು. ಸಾಫ್ಟ್‌ಬಾಲ್‌ನ ಚೆಂಡು ದೊಡ್ಡದು, ಅದರ ಮಿಟ್ ಬೇರೆಯೇ ಇರುತ್ತದೆ. ಕೊಂಡ ಮೇಲೆ ಸ್ವಲ್ಪವೇ ಚರ್ಮದ ಲೇಪನ ಸವರಿ, ಗುಂಡಿಯನ್ನು ಮರದ ಸುತ್ತಿಗೆಯಿಂದ ತಟ್ಟಿ, ದಿನಕ್ಕೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ಚೆಂಡೆಸೆದು ಹಿಡಿಸಿ. ಎಲ್ಲಕ್ಕಿಂತ ಮೊದಲಿನದು ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ. ಮಿಟ್ ತೊಡಿಸಿ, ಗುಂಡಿಯಲ್ಲಿ ಚೆಂಡಿಟ್ಟು, ಇನ್ನೊಂದು ಕೈಯ ನೆರವಿಲ್ಲದೆ ಮುಚ್ಚಲು ಹೇಳಿ, ಆಮೇಲೆ ಅಂಗೈ ನೆಲದ ಕಡೆ ತಿರುಗಿಸಲು ಹೇಳಿ. ಹೀಗೆ ಹತ್ತು ಸಲ. ಹೊಸ ಚರ್ಮ ಸ್ವಲ್ಪ ಬಿಗಿ ಇರುತ್ತದೆ, ಒಂದೆರಡು ಸಲ ಚೆಂಡು ಜಾರಿದರೆ ಚಿಂತೆಯಿಲ್ಲ. ಆದರೆ ಹತ್ತನೆಯ ಸಲಕ್ಕೆ ಮಣಿಕಟ್ಟು ನಡುಗಿ ಚೆಂಡು ನೆಲಕ್ಕೆ ಬಿದ್ದರೆ, ಅಂಗಡಿಯವರು ಏನೇ ಹೇಳಲಿ, ಊರಿನಿಂದ ಬಂದ ಹಿರಿಯರು ದೊಡ್ಡದೇ ಇರಲಿ ಎನ್ನಲಿ, ಆ ಮಿಟ್ಟನ್ನು ಅಲ್ಲೇ ಬಿಟ್ಟು ಬನ್ನಿ. ನನ್ನ ಹಟ ನನ್ನಿಂದ ಮಾಡಿಸದೆ ಹೋದದ್ದು ಈ ಎರಡು ನಿಮಿಷದ ಕೆಲಸವನ್ನೇ.