ವೃದ್ಧ ತಂದೆತಾಯಿಯರ ಸ್ನಾನ



ಮಳೆಗಾಲ ಹಿಡಿಯಿತೆಂದರೆ ಬ್ಯಾಕೋಡು ಸೀಮೆಯಲ್ಲಿ ಅಂಗಳ, ಬಚ್ಚಲು ಎಲ್ಲೆಲ್ಲೂ ಪಾಚಿ. ತೋಟದ ಸಂಕ ದಾಟುವಾಗ ಇರುವ ಎಚ್ಚರ ನಮಗೆ ಬಚ್ಚಲುಮನೆಯಲ್ಲಿ ಇರುವುದಿಲ್ಲ. ಮುಪ್ಪಿನಲ್ಲಿ ಮೂಳೆ ಸವೆದಿರುತ್ತದೆ. ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು. ಲಿಂಗನಮಕ್ಕಿ ಹಿನ್ನೀರಿನಲ್ಲಿ ರೋಗಿಗಳನ್ನು ಲಾಂಚಿನಲ್ಲಿ ದಾಟಿಸಿದ ಕಷ್ಟವನ್ನು ಈ ಕಡೆಯವರು ಮರೆತಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ಸಾಗರದ ದಾರಿ ಸುಲಭವಾಯಿತು. ಆದರೂ ಆಸ್ಪತ್ರೆಗೆ ಹೊರಡುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಲೇಸು.

ಬಚ್ಚಲಿನ ಸಿದ್ಧತೆ: ಹಾಸುಗಲ್ಲನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆಯಿರಿ. ತಗ್ಗು ಮಣೆಯಿಂದ ಏಳುವುದು ವೃದ್ಧರಿಗೆ ಕಷ್ಟ. ಮೊಣಕಾಲೆತ್ತರದ, ಅಲುಗಾಡದ ಸ್ಟೂಲು ಇಡಿ. ಗೋಡೆಗೆ ಗಟ್ಟಿಯಾದ ಹಿಡಿಯೊಂದನ್ನು ಕೂರಿಸಿ. ಒಳಗಿನಿಂದ ಚಿಲಕ ಹಾಕದಿರಲಿ. ಒಲೆಯ ಹೊಗೆ ಹೋಗಲು ಕಿಂಡಿ ತೆರೆದಿರಲಿ.

ನೀರಿನ ಹದ: ಹಂಡೆಯ ನೀರನ್ನು ನೇರವಾಗಿ ಮೈಗೆ ಹೊಯ್ಯಕೂಡದು. ವೃದ್ಧರ ಚರ್ಮ ತೆಳು. ಸುಡುವುದು ಬೇಗ, ಸುಟ್ಟದ್ದು ತಿಳಿಯುವುದು ತಡ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ, ನಿಮ್ಮ ಮೊಣಕೈ ಅದ್ದಿ ನೋಡಿ.

ಮಾನ ಕಾಯುವುದು: ನಿಮ್ಮನ್ನು ಎತ್ತಿ ಆಡಿಸಿದ ತಂದೆ ಈಗ ನಿಮ್ಮೆದುರು ಬಟ್ಟೆ ಕಳಚಬೇಕಾಗಿದೆ. ಅವರು ‘ಸ್ನಾನ ಬೇಡ’ ಎಂದರೆ ಅದು ಅನೇಕ ಸಲ ಹಠವಲ್ಲ. ನಾಚಿಕೆ, ಚಳಿ, ಬೀಳುವ ಭಯ. ಗದರಿಸಬೇಡಿ. ‘ಅಪ್ಪಯ್ಯ, ನೀರು ಕಾದಿದೆ. ಈಗಲೇ ಆಗ್ಲಾ, ಬಿಸಿಲು ಬಂದ ಮೇಲಾ?’ ಎಂದು ಕೇಳಿ. ಸೊಂಟಕ್ಕೆ ಪಂಚೆ ಸುತ್ತಿಯೇ ಇರಲಿ. ಕೈಗೆಟಕುವಷ್ಟನ್ನು ಅವರೇ ತೊಳೆದುಕೊಳ್ಳಲಿ. ಬೆನ್ನು, ಪಾದ ನೀವು ತೊಳೆಯಿರಿ. ಇದು ಸೊಸೆಯ ಕೆಲಸವೆಂದು ಗಂಡಸರು ಕೈಬಿಡಬಾರದು. ತಂದೆಯ ಸ್ನಾನ ಮಗನ ಪಾಲಿಗಿರಲಿ.

ತೊಳೆಯುವ ಕ್ರಮ: ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು, ಹೆಚ್ಚಾದರೆ ಚರ್ಮ ಒಣಗಿ ತುರಿಸುತ್ತದೆ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಇಲ್ಲವಾದರೆ ಮಲದ ಸೋಂಕು ಮೂತ್ರದ ದಾರಿಗೆ ಸೇರೀತು. ಟವೆಲಿನಿಂದ ಉಜ್ಜದೆ, ಒತ್ತಿ ಒರೆಸಿ. ತೊಡೆಸಂದು, ಸ್ತನದ ಅಡಿ, ಕಾಲ್ಬೆರಳುಗಳ ನಡುವೆ ತೇವ ಉಳಿಯಬಾರದು. ಕೊಬ್ಬರಿ ಎಣ್ಣೆಯನ್ನು ಸ್ನಾನದ ನಂತರ, ಕೂರಿಸಿ ಹಚ್ಚಿ; ಅಂಗಾಲಿಗೆ ಮಾತ್ರ ಬೇಡ, ಕಾಲು ಜಾರುತ್ತದೆ. ಚಳಿ-ಮಳೆಯಲ್ಲಿ ವಾರಕ್ಕೆ ಎರಡು ಮೂರು ಪೂರ್ಣ ಸ್ನಾನ ಸಾಕು. ಉಳಿದ ದಿನ ಮುಖ, ಕಂಕುಳು, ತೊಡೆಸಂದುಗಳನ್ನು ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿರಿ.

ಮೈ ನೋಡುವುದು: ಸ್ನಾನದ ಹೊತ್ತೇ ಮೈಯನ್ನು ಪರೀಕ್ಷಿಸುವ ಹೊತ್ತು. ಹಾಸಿಗೆ ಹಿಡಿದವರ ಸೊಂಟ, ಹಿಮ್ಮಡಿಗಳಲ್ಲಿ ಕೆಂಪಾದ ಅಥವಾ ಕಪ್ಪಾದ ಕಲೆ, ಬೆರಳಿನಿಂದ ಒತ್ತಿದರೂ ಮಾಸದಿದ್ದರೆ, ಅದು ಹಾಸಿಗೆ ಹುಣ್ಣಿನ ಮೊದಲ ಗುರುತು. ಸಕ್ಕರೆ ಕಾಯಿಲೆಯವರ ಪಾದದ ಸಣ್ಣ ಗಾಯವೂ ಸಣ್ಣದಲ್ಲ. ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ವೈದ್ಯರಿಗೆ ತೋರಿಸಿ. ಹಿರಿಯರ ಸಹಾಯವಾಣಿಯ ಸಂಖ್ಯೆ 14567.

ಇಷ್ಟೆಲ್ಲವನ್ನೂ ಒಂದೇ ದಿನ ಮಾಡಲಾಗದಿದ್ದರೆ, ಈ ವಾರ ಪಾಚಿ ತೆಗೆದು ಗೋಡೆಗೆ ಹಿಡಿ ಕೂರಿಸಿರಿ. ಉಳಿದದ್ದನ್ನು ಒಂದೊಂದಾಗಿ ರೂಢಿಗೆ ತಂದುಕೊಳ್ಳಿರಿ.